ಮನೆಯಲ್ಲಿ ಒಂಟಿಯಾಗಿರುವ ನಾಯಿ, ಬೆಕ್ಕಿಗೆ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

## ಕೊಳ್ಳುವ ಮೊದಲು

ಹಳೇ ಆಂಡ್ರಾಯ್ಡ್ ಫೋನ್ ಒಂದು ಸುಮ್ಮನೆ ಬಿದ್ದಿದೆ. ಅದೇ ಸಾಕಾ, ಹೊಸ ಕ್ಯಾಮೆರಾನೇ ತಗೋಬೇಕಾ?

ಒಂದು ವಾರ ಪ್ರಯೋಗ ಮಾಡಿ ನೋಡಲು ಹಳೇ ಫೋನ್ ಧಾರಾಳವಾಗಿ ಸಾಕು. ಆಲ್‌ಫ್ರೆಡ್ ಕ್ಯಾಮೆರಾದಂಥ ಒಂದು ಆ್ಯಪನ್ನು ಎರಡೂ ಫೋನಿಗೆ ಹಾಕಿ, ಒಂದೇ ಖಾತೆಯಿಂದ ಲಾಗಿನ್ ಆಗಿ. ಹಳೇ ಫೋನು ಕ್ಯಾಮೆರಾ, ಕೈಯಲ್ಲಿರುವುದು ನೋಡುವ ಫೋನು ಎಂದು ಆರಿಸಿಕೊಂಡರೆ ಮುಗಿಯಿತು, ಹತ್ತು ನಿಮಿಷದ ಕೆಲಸ.

ಅದನ್ನೇ ಕಾಯಂ ಮಾಡಿಕೊಳ್ಳಬೇಡಿ. ದಿನವಿಡೀ ಚಾರ್ಜರಿಗೆ ಸಿಕ್ಕಿಸಿಟ್ಟು ಕ್ಯಾಮೆರಾ ಓಡಿಸುತ್ತಲೇ ಇದ್ದರೆ ಫೋನು ಬಿಸಿಯಾಗುತ್ತದೆ, ಕೆಲವು ತಿಂಗಳಲ್ಲಿ ಬ್ಯಾಟರಿ ಊದಿಕೊಳ್ಳಬಹುದು. ಹಿಂದಿನ ಮುಚ್ಚಳ ಎದ್ದ ಹಾಗೆ ಕಂಡರೆ, ಪರದೆಯ ಅಂಚು ಬಿಟ್ಟುಕೊಂಡರೆ ಅವತ್ತೇ ನಿಲ್ಲಿಸಿ. ಮನೆಯಲ್ಲಿ ಮನುಷ್ಯರಿಲ್ಲದ ಹೊತ್ತಿನಲ್ಲಿ, ಓಡಿಹೋಗಲಾರದ ಒಂದು ಜೀವದ ಪಕ್ಕದಲ್ಲಿ ಓಡುವ ಸಾಧನ ಇದು. ಜೊತೆಗೆ ಕತ್ತಲಲ್ಲಿ ನೋಡಲು ಬೇಕಾದ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಫೋನಿಗೆ ಇಲ್ಲ, ಸಂಜೆ ದೀಪ ಹಾಕುವವರು ಇಲ್ಲದಿದ್ದರೆ ಏನೂ ಕಾಣದು.

ಲ್ಯಾಪ್‌ಟಾಪಿನ ವೆಬ್‌ಕ್ಯಾಮ್ ಆಗುತ್ತಾ?

ಒಂದೆರಡು ಗಂಟೆಗೆ ಆಗುತ್ತದೆ. ಇನ್ನೊಂದು ಖಾತೆಯಿಂದ ವಿಡಿಯೊ ಕಾಲ್ ಶುರುಮಾಡಿ ಹಾಗೇ ಬಿಟ್ಟು ಹೋಗಿ, ಫೋನಿನಿಂದ ಅದೇ ಕಾಲ್ ಸೇರಿಕೊಳ್ಳಿ. ಹೊರಡುವ ಮೊದಲು ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಅನ್ನು ‘ಎಂದಿಗೂ ಬೇಡ’ ಎಂದು ಮಾಡದಿದ್ದರೆ ಸ್ವಲ್ಪ ಹೊತ್ತಿಗೇ ಚಿತ್ರ ನಿಲ್ಲಬಹುದು. ಬೆಕ್ಕು ಇರುವ ಮನೆಯಲ್ಲಿ ಬೆಚ್ಚಗಿನ ಕೀಬೋರ್ಡ್ ಮೇಲೆ ಯಾರು ಮಲಗುತ್ತಾರೆ ಎಂದು ಹೇಳಬೇಕಿಲ್ಲ.

ಕ್ಯಾಮೆರಾದಲ್ಲಿ ಏನೇನು ಇರಬೇಕು?

1080ಪಿ ಚಿತ್ರ, ಎಡಬಲ ಮತ್ತು ಮೇಲೆ ಕೆಳಗೆ ತಿರುಗುವ ತಲೆ, ಇನ್‌ಫ್ರಾರೆಡ್ ರಾತ್ರಿ ನೋಟ, ಮೆಮೊರಿ ಕಾರ್ಡಿಗೆ ಜಾಗ, ಆ ಕಡೆ ಈ ಕಡೆ ಎರಡೂ ಧ್ವನಿ. ಇಷ್ಟೂ ಈಗ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ. ತಿಂಡಿ ಎಸೆಯುವ ‘ಪೆಟ್ ಕ್ಯಾಮೆರಾ’ಗಳಿಗೆ ಹಲವು ಪಟ್ಟು ಹಣ ಕೊಡುವುದು ವ್ಯರ್ಥ ಎಂಬುದೇ ನಮ್ಮ ಅಭಿಪ್ರಾಯ. ಗಟ್ಟಿ ತಿಂಡಿ ಸಿಕ್ಕಿಕೊಂಡು ಯಂತ್ರ ನಿಂತರೆ ದೂರದಿಂದ ಏನೂ ಮಾಡಲಾಗದು. ಆ ದುಡ್ಡಿನಲ್ಲಿ ಸಾಮಾನ್ಯ ಕ್ಯಾಮೆರಾ ಎರಡು ತಗೊಳ್ಳಿ: ಒಂದು ನಡುಮನೆಗೆ, ಒಂದು ನೀರಿನ ಬಟ್ಟಲಿನ ಕಡೆಗೆ.

ಹೆಸರಿಲ್ಲದ ಅಗ್ಗದ ಮಾಲು ಬೇಡ. ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದೆ.

ಇಂಟರ್ನೆಟ್ ಸ್ಪೀಡ್ ಎಷ್ಟಿರಬೇಕು? ಡೇಟಾ ಎಷ್ಟು ಖರ್ಚಾಗುತ್ತೆ?

ಮನೆಯ ಕಡೆ ಲೆಕ್ಕಕ್ಕೆ ಬರುವುದು ಅಪ್‌ಲೋಡ್ ವೇಗ. ಒಂದು ಕ್ಯಾಮೆರಾದ 1080ಪಿ ಚಿತ್ರಕ್ಕೆ 1ರಿಂದ 2 ಎಂಬಿಪಿಎಸ್ ಸಾಕು. ಫೈಬರ್ ಸಂಪರ್ಕ ಇದ್ದವರು ಈ ಬಗ್ಗೆ ಯೋಚಿಸಬೇಕಿಲ್ಲ.

ಖರ್ಚಿನ ಲೆಕ್ಕ ಹೀಗೆ: 1.5 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ನೋಡಿದರೆ ಸುಮಾರು 675 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಲಾನಿನವರು ಆಫೀಸಿನಲ್ಲಿ ಕೂತು ಎರಡು ಗಂಟೆ ನೋಡುವಷ್ಟರಲ್ಲಿ ಹೆಚ್ಚುಕಡಿಮೆ ಖಾಲಿ. ಆ್ಯಪಿನಲ್ಲಿ ಎಚ್‌ಡಿ ಎಂಬಲ್ಲಿ ಒತ್ತಿ ಕಡಿಮೆ ಗುಣಮಟ್ಟಕ್ಕೆ ಇಳಿಸಿದರೆ ಹತ್ತು ನಿಮಿಷಕ್ಕೆ 40 ಎಂಬಿ ದಾಟುವುದಿಲ್ಲ. ಕಾರ್ಡಿಗೆ ರೆಕಾರ್ಡ್ ಆಗುವುದಕ್ಕೆ ಇಂಟರ್ನೆಟ್ ಖರ್ಚಿಲ್ಲ.

ಕ್ಯಾಮೆರಾ ಹಾಕಿ ದೀಪಾವಳಿಗೆ ಎರಡು ದಿನ ಊರಿಗೆ ಹೋಗಿ ಬರಬಹುದಾ?

ಬೇಡ. ಪಟಾಕಿಯ ವಾರದಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಲೇಬಾರದು. ಹೆದರಿದ ನಾಯಿ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತದೆ, ಬಾಲ್ಕನಿಯಿಂದ ಹಾರಲು ನೋಡುತ್ತದೆ. ಅದನ್ನೆಲ್ಲ ನೀವು ಬಸ್ಸಿನಲ್ಲಿ ಕೂತು ನೋಡುತ್ತೀರಿ, ಅಷ್ಟೇ. ಬೇರೆ ದಿನಗಳಲ್ಲೂ ಮನೆಯ ಇನ್ನೊಂದು ಕೀಲಿ ಪಕ್ಕದ ಮನೆಯಲ್ಲೋ ಹತ್ತಿರದ ನೆಂಟರಲ್ಲೋ ಇರಬೇಕು, ಅವರನ್ನು ಕಂಡರೆ ನಾಯಿಗೆ ಹೆದರಿಕೆ ಇರಬಾರದು. ಇಷ್ಟು ಏರ್ಪಾಡು ಆದಮೇಲೆ ಕ್ಯಾಮೆರಾ ತನ್ನಿ.

## ಅಳವಡಿಸುವಾಗ

ವೈಫೈಗೆ ಕನೆಕ್ಟೇ ಆಗ್ತಿಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ.

ಹೆಚ್ಚಿನ ಮನೆ ಕ್ಯಾಮೆರಾಗಳಿಗೆ ಅರ್ಥವಾಗುವುದು 2.4 ಗಿಗಾಹರ್ಟ್ಸ್ ಮಾತ್ರ. ಈಗಿನ ರೂಟರುಗಳು 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇಡುತ್ತವೆ. ಫೋನು 5ರಲ್ಲಿ ಕೂತಿರುತ್ತದೆ, ಕ್ಯಾಮೆರಾ 2.4ರಲ್ಲಿ ಹುಡುಕುತ್ತಿರುತ್ತದೆ. ರೂಟರ್ ಸೆಟ್ಟಿಂಗಿಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಅಥವಾ ಅಳವಡಿಕೆ ಮುಗಿಯುವವರೆಗೆ 5 ಅನ್ನು ಆಫ್ ಮಾಡಿಡಿ.

ಆಮೇಲೂ ಆಗದಿದ್ದರೆ ರೂಟರಿನಲ್ಲಿ ವೈಫೈ ಭದ್ರತೆಯ ಬಗೆ ‘ಡಬ್ಲ್ಯುಪಿಎ3 ಮಾತ್ರ’ ಎಂದಿದೆಯೇ ನೋಡಿ, ಡಬ್ಲ್ಯುಪಿಎ2 ಸೇರಿಸಿ. ವೈಫೈ ಹೆಸರಿನಲ್ಲಿ ಇಮೋಜಿ, ವಿಚಿತ್ರ ಚಿಹ್ನೆಗಳಿದ್ದರೆ ತೆಗೆಯಿರಿ. ಕ್ಯಾಮೆರಾವನ್ನು ರೂಟರ್ ಇರುವ ಕೋಣೆಗೇ ತಂದು ಅಳವಡಿಸಿ, ಕೆಲಸ ಮಾಡಿದ ಮೇಲೆ ಅದರ ಜಾಗಕ್ಕೆ ಒಯ್ಯಿರಿ. ಮುಂದೆ ಯಾವತ್ತಾದರೂ ವೈಫೈ ಪಾಸ್‌ವರ್ಡ್ ಬದಲಿಸಿದರೆ ಇದೆಲ್ಲ ಮೊದಲಿಂದ ಮಾಡಬೇಕು. ಹಾಗಾಗಿ ಊರಿಗೆ ಹೊರಡುವ ದಿನ ಪಾಸ್‌ವರ್ಡ್ ಮುಟ್ಟಬೇಡಿ.

ಎಲ್ಲಿ, ಎಷ್ಟು ಎತ್ತರದಲ್ಲಿ ಇಡೋದು?

ಕೋಣೆಯ ಮೂಲೆಯಲ್ಲಿ ಐದಾರು ಅಡಿ ಎತ್ತರ ಒಳ್ಳೆಯದು. ಅಲ್ಲಿಂದ ನೆಲವೂ ಕಾಣುತ್ತದೆ, ಬಾಲ ಬೀಸಿದರೂ ನಿಲುಕುವುದಿಲ್ಲ. ಸೂರಿನ ಹತ್ತಿರ ಹಾಕಿದರೆ ನಾಯಿಯ ಬೆನ್ನು ಮಾತ್ರ ಕಾಣುತ್ತದೆ. ಮುಖ, ಹೊಟ್ಟೆ, ಉಸಿರಾಟ ಕಾಣದು. ಬೆಕ್ಕಿದ್ದರೆ ಅದು ಹತ್ತಿ ಕೂರುವಂಥ ಶೋಕೇಸ್ ಮೇಲೆ ಇಡಬೇಡಿ, ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ.

ನೋಟದೊಳಗೆ ನಾಲ್ಕು ವಸ್ತು ಬರಲಿ. ಮೊದಲನೆಯದು ಅದು ಮಲಗುವ ಜಾಗ. ಎರಡನೆಯದು ಮುಂಬಾಗಿಲು, ಯಾಕೆಂದರೆ ಗಾಬರಿಯಾದ ನಾಯಿ ಹೋಗಿ ನಿಲ್ಲುವುದು ಅಲ್ಲೇ. ಮೂರನೆಯದು ನೀರಿನ ಬಟ್ಟಲು. ಸ್ಟೀಲ್ ಬಟ್ಟಲಿನ ಒಳಗೋಡೆ ಹೊಳೆಯುತ್ತದೆ, ನೀರು ಎಲ್ಲಿಗಿದೆ ಎಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಪಾರದರ್ಶಕವಾದ ದಪ್ಪ ಗಾಜಿನ ಬಟ್ಟಲಿನ ಹೊರಗೆ ಕರಿ ಇನ್ಸುಲೇಶನ್ ಟೇಪನ್ನು ಅರ್ಧ ಇಂಚಿಗೊಂದರಂತೆ ಅಂಟಿಸಿ. ಬೆಳಗ್ಗೆ ಮೂರನೇ ಪಟ್ಟಿಯಲ್ಲಿದ್ದ ನೀರು ಮಧ್ಯಾಹ್ನಕ್ಕೆ ಎರಡಕ್ಕೆ ಇಳಿದಿದೆ ಎಂದರೆ ಕುಡಿದಿದೆ. ನಾಯಿಗೆ ದಿನಕ್ಕೆ, ತೂಕದ ಒಂದೊಂದು ಕಿಲೋಗೆ ಸುಮಾರು 50ರಿಂದ 60 ಎಂಎಲ್ ನೀರು ಬೇಕು; ಹತ್ತು ಕಿಲೋ ನಾಯಿಗೆ ಅರ್ಧ ಲೀಟರಿಗೂ ಸ್ವಲ್ಪ ಹೆಚ್ಚು.

ನಾಲ್ಕನೆಯದು ಸೆಕೆಂಡು ಮುಳ್ಳಿರುವ ಗೋಡೆ ಗಡಿಯಾರ. ನೆಟ್‌ವರ್ಕ್ ಸಿಕ್ಕಿಕೊಂಡಾಗ ಪರದೆಯ ಮೇಲೆ ಹಳೇ ಚಿತ್ರವೇ ನಿಂತಿರುತ್ತದೆ, ನಾಯಿ ಹಾಯಾಗಿ ಮಲಗಿದೆ ಎಂದು ನೀವು ಅಂದುಕೊಳ್ಳುತ್ತೀರಿ. ಮುಳ್ಳು ಓಡುತ್ತಿದ್ದರೆ ಮಾತ್ರ ಅದು ಈಗಿನ ಚಿತ್ರ.

ನಮ್ಮ ಮರಿ ಕಂಡ ವೈರನ್ನೆಲ್ಲ ಕಡಿಯುತ್ತೆ.

ಕ್ಯಾಮೆರಾಕ್ಕೆ ಹೋಗುವ ವೈರಿನಲ್ಲಿ ಇರುವುದು ಹೆಚ್ಚಾಗಿ 5 ವೋಲ್ಟ್, ಶಾಕ್ ಹೊಡೆಯುವುದಿಲ್ಲ. ಅಪಾಯ ಇರುವುದು 230 ವೋಲ್ಟಿನ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ. ನೆಲದ ಮೇಲೆ ಬೋರ್ಡ್ ಇಡಲೇಬೇಡಿ. ಎತ್ತರದ ಸ್ವಿಚ್‌ಬೋರ್ಡಿಗೇ ಅಡಾಪ್ಟರ್ ಹಾಕಿ, ಮೂರು ಮೀಟರ್ ಯುಎಸ್‌ಬಿ ವೈರನ್ನು ಪಿವಿಸಿ ಕೇಸಿಂಗ್ ಪಟ್ಟಿಯೊಳಗೆ ಕೂರಿಸಿ ಗೋಡೆಗುಂಟ ಒಯ್ಯಿರಿ. ತೀರ ಉದ್ದದ, ಸಪೂರ ವೈರಿನಲ್ಲಿ ವೋಲ್ಟೇಜ್ ಇಳಿದು, ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡ ಕೂಡಲೇ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಿರುತ್ತದೆ. ಹಗಲು ಸರಿಯಿದ್ದು ರಾತ್ರಿ ಮಾತ್ರ ಕೈಕೊಡುವ ಕ್ಯಾಮೆರಾದಲ್ಲಿ ಮೊದಲು ವೈರು ಬದಲಿಸಿ ನೋಡಿ.

ರಾತ್ರಿ ಚಿತ್ರ ಪೂರ್ತಿ ಬೆಳ್ಳಗೆ, ಮಂಜು ಮುಸುಕಿದ ಹಾಗೆ ಬರುತ್ತೆ.

ಇನ್‌ಫ್ರಾರೆಡ್ ಬೆಳಕು ಹತ್ತಿರದ ಯಾವುದಕ್ಕೋ ಬಡಿದು ವಾಪಸು ಲೆನ್ಸಿಗೇ ಬರುತ್ತಿದೆ. ಕಿಟಕಿ ಗಾಜಿನ ಒಳಗಿನಿಂದ ಬಾಲ್ಕನಿ ನೋಡಲು ಇಟ್ಟಿದ್ದರೆ ಹಾಗಾಗುವುದು ಖಚಿತ. ಒಂದೋ ರಾತ್ರಿ ನೋಟ ಆಫ್ ಮಾಡಿ ಬಾಲ್ಕನಿಯ ದೀಪ ಉರಿಸಿ, ಇಲ್ಲವೇ ಕ್ಯಾಮೆರಾವನ್ನೇ ಹೊರಗಿಡಿ. ಪಕ್ಕದ ಗೋಡೆ, ಶೆಲ್ಫಿನ ಅಂಚು ಒಂದು ಅಡಿಯೊಳಗಿದ್ದರೂ ಹೀಗೇ. ಎರಡೂ ಅಲ್ಲದಿದ್ದರೆ ಲೆನ್ಸಿನ ಮುಂದೆ ಜೇಡರ ಬಲೆ ಇರುತ್ತದೆ. ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ, ಹಲ್ಲಿ ಬರುತ್ತವೆ. ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ಈ ಬೆಳಕಿನಿಂದ ನಾಯಿ, ಬೆಕ್ಕಿನ ಕಣ್ಣಿಗೆ ತೊಂದರೆಯಿಲ್ಲ. ಕಣ್ಣು ಬಿಳಿ ಬಲ್ಬಿನ ಹಾಗೆ ಹೊಳೆಯುವುದು ರೆಟಿನಾದ ಹಿಂದಿರುವ ಬೆಳಕು ಮರಳಿಸುವ ಪದರದಿಂದ, ಅದು ಕಾಯಿಲೆಯಲ್ಲ.

ಕರೆಂಟ್ ಹೋದ್ರೆ ಏನ್ ಗತಿ?

ಇನ್ವರ್ಟರ್ ಇದ್ದರೆ ಕ್ಯಾಮೆರಾ ಮತ್ತು ರೂಟರ್ ಎರಡೂ ಅದರ ಲೈನಿನಲ್ಲಿವೆಯೇ ನೋಡಿ. ಹಲವು ಮನೆಗಳಲ್ಲಿ ಟಿವಿ ಪಕ್ಕದ ಪ್ಲಗ್ಗಿಗೆ ಇನ್ವರ್ಟರ್ ಸಂಪರ್ಕ ಇರುವುದಿಲ್ಲ. ಮೇನ್ ಸ್ವಿಚ್ ಇಳಿಸಿ, ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಚಿತ್ರ ಬರುತ್ತದೆಯೇ ಎಂದು ಪರೀಕ್ಷಿಸುವುದೊಂದೇ ನಂಬಬಹುದಾದ ದಾರಿ.

ಇನ್ವರ್ಟರ್ ಇಲ್ಲದಿದ್ದರೆ ಕ್ಯಾಮೆರಾಕ್ಕೆ 10,000 ಎಂಎಎಚ್ ಪವರ್ ಬ್ಯಾಂಕ್. ಅದರಲ್ಲಿ ನಿಜಕ್ಕೂ ಕೈಗೆ ಸಿಗುವುದು 22ರಿಂದ 24 ವ್ಯಾಟ್-ಗಂಟೆ; 3ರಿಂದ 4 ವ್ಯಾಟ್ ತಿನ್ನುವ ಕ್ಯಾಮೆರಾ ಆರೇಳು ಗಂಟೆ ಓಡುತ್ತದೆ. ಕೊಳ್ಳುವಾಗ ಒಂದು ಎಚ್ಚರ: ಚಾರ್ಜ್ ಆಗುತ್ತಲೇ ಹೊರಗೂ ಕೊಡುವಂಥದ್ದು ಬೇಕು, ಎಲ್ಲ ಪವರ್ ಬ್ಯಾಂಕ್ ಹಾಗಿರುವುದಿಲ್ಲ.

ರೂಟರಿಗೆ ‘ಮಿನಿ ಯುಪಿಎಸ್’ ಎಂದು ಕೇಳಿದರೆ ಸಿಗುತ್ತದೆ. ರೂಟರ್ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ಓದಿಕೊಂಡೇ ತನ್ನಿ, ತಪ್ಪು ವೋಲ್ಟೇಜ್ ಹಾಕಿದರೆ ರೂಟರ್ ಸುಡುತ್ತದೆ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಇಷ್ಟೆಲ್ಲ ಮಾಡಿಯೂ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ಇರುವ ಇಂಟರ್ನೆಟ್ ಕಂಪನಿಯವರ ಪೆಟ್ಟಿಗೆಗೆ (ನೆಟ್‌ವರ್ಕ್ ಸ್ವಿಚ್) ಕರೆಂಟ್ ಇಲ್ಲದಿದ್ದರೆ ಸಂಪರ್ಕ ಹೋಗುತ್ತದೆ. ಅದನ್ನು ಅವರನ್ನೇ ಕೇಳಿ ತಿಳಿದುಕೊಳ್ಳಿ.

## ದಿನನಿತ್ಯ ನೋಡುವಾಗ

ನೋಟಿಫಿಕೇಶನ್ ಒಂದೋ ನೂರಾರು ಬರುತ್ತೆ, ಇಲ್ಲಾ ಬರೋದೇ ಇಲ್ಲ.

ನೂರಾರು ಬಂದರೆ ಕಾರಣ ಕಿಟಕಿಯ ಪರದೆ, ಫ್ಯಾನು, ಕಿಟಕಿಯಾಚೆಯ ರಸ್ತೆ. ಆ್ಯಪಿನಲ್ಲಿ ಚಲನೆ ಗುರುತಿಸುವ ಜಾಗವನ್ನು ಚೌಕ ಎಳೆದು ಬಾಗಿಲು, ಹಾಸಿಗೆಗೆ ಮಾತ್ರ ಸೀಮಿತ ಮಾಡಿ. ಬರದೇ ಇದ್ದರೆ ನಿಮ್ಮ ಫೋನೇ ಬ್ಯಾಟರಿ ಉಳಿಸಲು ಆ್ಯಪನ್ನು ಮಲಗಿಸಿರುತ್ತದೆ. ಬ್ಯಾಟರಿ ಸೆಟ್ಟಿಂಗಿನಲ್ಲಿ ಆ ಆ್ಯಪಿಗೆ ನಿರ್ಬಂಧ ಬೇಡ ಎಂದು ಕೊಡಿ. ಬೊಗಳಿದಾಗ ತಿಳಿಸುವ ಸೌಲಭ್ಯ ಇದ್ದರೆ ಅದನ್ನು ತಪ್ಪದೆ ಆನ್ ಮಾಡಿ, ಚಲನೆಗಿಂತ ಅದರಿಂದ ಹೆಚ್ಚು ತಿಳಿಯುತ್ತದೆ.

ಸ್ಪೀಕರಿನಲ್ಲಿ ಹೆಸರು ಹಿಡಿದು ಕರೆದ್ರೆ ಮನೆಯೆಲ್ಲ ಹುಡುಕಾಡುತ್ತೆ. ಸಮಾಧಾನ ಮಾಡೋದು ತಪ್ಪಾ?

ಅದಕ್ಕೆ ಕೇಳುವುದು ನಿಮ್ಮ ದನಿ, ಆದರೆ ನಿಮ್ಮ ವಾಸನೆ ಇಲ್ಲ, ನೀವು ಇಲ್ಲ. ಸುಮ್ಮನಿದ್ದ ನಾಯಿಯೂ ಬಾಗಿಲಿಗೂ ಕ್ಯಾಮೆರಾಕ್ಕೂ ಓಡಾಡತೊಡಗುತ್ತದೆ. ಕೆಲವು ನಾಯಿಗಳು ದನಿ ಕೇಳಿ ತಣ್ಣಗಾಗುವುದೂ ಉಂಟು. ನೀವು ಮನೆಯಲ್ಲೇ ಇದ್ದು, ಇನ್ನೊಂದು ಕೋಣೆಯಿಂದ ಸ್ಪೀಕರಿನಲ್ಲಿ ಮಾತಾಡಿ, ಮನೆಯವರು ಅದೇ ಹೊತ್ತಿಗೆ ತಿಂಡಿ ಕೊಡುವಂತೆ ಹತ್ತಾರು ಸಲ ಅಭ್ಯಾಸ ಮಾಡಿಸಿ ನೋಡಿ. ಆಗಲೂ ಹುಡುಕಾಡಿದರೆ ಸ್ಪೀಕರ್ ಆಫ್ ಮಾಡಿಡಿ. ಗದರುವುದಕ್ಕಂತೂ ಯಾವತ್ತೂ ಬಳಸಬೇಡಿ.

ನಾವು ಹೋದ ಮೇಲೆ ಊಳಿಡುತ್ತೆ ಅಂತ ಪಕ್ಕದ ಮನೆಯವರು ಹೇಳ್ತಾರೆ. ನಾವು ನೋಡಿದಾಗೆಲ್ಲ ಮಲಗೇ ಇರುತ್ತೆ!

ನೀವು ನೋಡುವುದು ಆಫೀಸು ತಲುಪಿದ ಮೇಲೆ. ಅಗಲಿಕೆಯ ಆತಂಕ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಬಾಗಿಲು ಹಾಕಿದ ಮೊದಲ ಅರ್ಧ ಗಂಟೆಯಲ್ಲಿ. ಮೂರು ದಿನದ ಆ ಅರ್ಧ ಗಂಟೆಯ ರೆಕಾರ್ಡಿಂಗ್ ತೆಗೆದು ಶಬ್ದ ಹಾಕಿಕೊಂಡು ನೋಡಿ. ಒಂದೇ ದಾರಿಯಲ್ಲಿ ಸುತ್ತುವುದು, ಸೆಕೆ ಇಲ್ಲದಿದ್ದರೂ ಏದುಸಿರು, ಎದೆಯ ಕೂದಲು ಒದ್ದೆಯಾಗುವಷ್ಟು ಜೊಲ್ಲು, ಬಾಗಿಲು ಚೌಕಟ್ಟು ಕೆರೆಯುವುದು, ಇಷ್ಟದ ತಿಂಡಿ ಮುಂದಿದ್ದರೂ ಮುಟ್ಟದಿರುವುದು: ಇವು ತುಂಟತನ ಅಲ್ಲ, ದಿಗಿಲು. ಬರಿಯ ಬೇಸರವಾದರೆ ಚಪ್ಪಲಿ ಕಡಿದು, ತಿಂಡಿ ತಿಂದು, ಮಲಗುತ್ತದೆ.

ದಿಗಿಲಾದರೆ ಕೆಲಸ ಹೀಗೆ ಶುರುಮಾಡಿ: ಕೀಲಿಗೊಂಚಲು ಎತ್ತಿಕೊಳ್ಳಿ, ಹೋಗದೆ ಸೋಫಾದಲ್ಲಿ ಕೂತುಬಿಡಿ. ದಿನಕ್ಕೆ ಎಂಟು ಹತ್ತು ಸಲ. ಕೀಲಿ ಸದ್ದಿಗೆ ಕಿವಿ ನಿಮಿರುವುದು ನಿಂತ ಮೇಲೆ ಬಾಗಿಲಾಚೆ ಹತ್ತು ಸೆಕೆಂಡು, ಆಮೇಲೆ ಮೂವತ್ತು, ಆಮೇಲೆ ಎರಡು ನಿಮಿಷ. ಕ್ಯಾಮೆರಾ ನಿಜವಾಗಿ ಬೇಕಾಗುವುದು ಇಲ್ಲೇ: ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ನೋಡುತ್ತ, ಅದು ಹೆದರುವ ಮೊದಲೇ ಒಳಗೆ ಬನ್ನಿ. ವಾರಗಟ್ಟಲೆ ಹಿಡಿಯುತ್ತದೆ. ಗಾಯ ಮಾಡಿಕೊಳ್ಳುವ ಮಟ್ಟಕ್ಕೆ ಹೋಗಿದ್ದರೆ ಪಶುವೈದ್ಯರಿಗೆ ಆ ವಿಡಿಯೊ ತೋರಿಸಿ, ಔಷಧಿಯೂ ಬೇಕಾಗಬಹುದು.

ಬೆಕ್ಕು ದಿನಪೂರ್ತಿ ಮಲಗೇ ಇರುತ್ತಲ್ಲ, ಅದಕ್ಕೂ ಕ್ಯಾಮೆರಾ ಬೇಕಾ?

ಬೇಕು, ಮಲದ ಟ್ರೇ ಕಡೆಗೆ. ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ, ಕೂತು, ಮುಕ್ಕರಿಸಿ, ಏನೂ ಬರದೆ ಎದ್ದುಬಂದರೆ ಮೂತ್ರನಾಳ ಕಟ್ಟಿರಬಹುದು. ಮಲಬದ್ಧತೆ ಎಂದುಕೊಂಡು ಸಂಜೆವರೆಗೆ ಕಾಯುವವರೇ ಹೆಚ್ಚು. ಒಂದೆರಡು ದಿನದಲ್ಲಿ ಜೀವ ಹೋಗುವ ಕಾಯಿಲೆ ಇದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಟ್ರೇ ಬಳಿ ಮಾತ್ರ ಚಲನೆ ಗುರುತಿಸುವ ಚೌಕ ಎಳೆದಿಟ್ಟರೆ ದಿನಕ್ಕೆ ಎಷ್ಟು ಸಲ ಹೋಯಿತೆಂಬ ಲೆಕ್ಕ ತಾನಾಗೇ ಸಿಗುತ್ತದೆ.

ಬೇರೆ ಏನು ಕಂಡ್ರೆ ಕೆಲಸ ಬಿಟ್ಟು ಓಡಬೇಕು?

ಹೊಟ್ಟೆ ಉಬ್ಬಿ, ವಾಂತಿ ಬರುವಂತೆ ಎಳೆದರೂ ನೊರೆ ಬಿಟ್ಟು ಏನೂ ಬರದಿದ್ದರೆ: ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಗೂಡಿನ ನಾಯಿಗಳಲ್ಲಿ ಹೊಟ್ಟೆ ತಿರುಚಿಕೊಂಡಿರಬಹುದು, ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಬೇಕು. ಫಿಟ್ಸ್ ಬಂದರೆ ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ತುರ್ತು.

ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ. ಕರೆಂಟ್ ಹೋಗಿ ಫ್ಯಾನ್ ನಿಂತ ಮನೆಯಲ್ಲಿ, ಅದರಲ್ಲೂ ಪಗ್‌ನಂಥ ಮೊಂಡು ಮೂಗಿನ ನಾಯಿ, ನಾಲಗೆ ಪೂರ್ತಿ ಹೊರಹಾಕಿ ಏದುಸಿರು ಬಿಡುತ್ತ ತೂರಾಡಿದರೆ ಕೀಲಿ ಇರುವವರಿಗೆ ಫೋನ್ ಮಾಡಿ. ಅವರು ಮೊದಲು ನಲ್ಲಿ ನೀರನ್ನು ಮೈಮೇಲೆ ಸುರಿದು ಗಾಳಿ ಹಾಕಲಿ, ಆಮೇಲೆ ಆಟೋ ಹುಡುಕಲಿ.

ಮನೆಕೆಲಸದವರಿಗೆ ಕ್ಯಾಮೆರಾ ಇದೆ ಅಂತ ಹೇಳಬೇಕಾ?

ಹೇಳಲೇಬೇಕು, ತೋರಿಸಿಯೇ ಹೇಳಿ. ಬಚ್ಚಲು, ಬಟ್ಟೆ ಬದಲಿಸುವ ಕೋಣೆ ನೋಟದೊಳಗೆ ಬರಕೂಡದು. ಅಂಥ ಖಾಸಗಿ ಹೊತ್ತಿನಲ್ಲಿ ಹೆಂಗಸರನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಎದುರು ಮನೆಯ ಬಾಗಿಲೂ ಕಾಣದಂತೆ ತಿರುಗಿಸಿ.

## ಸ್ವಲ್ಪ ಮುಂದೆ ಹೋದವರಿಗೆ

ಯಾರಾದ್ರೂ ಹ್ಯಾಕ್ ಮಾಡಿ ನಮ್ಮನೆ ನೋಡಿಬಿಟ್ರೆ?

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡಿತು. ಅದು ಮಾಡಿದ್ದು ಇಷ್ಟೇ: ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಿದ್ದು. ಹಾಗಾಗಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ, ಕ್ಯಾಮೆರಾದೊಳಗಿನ ತಂತ್ರಾಂಶದ (ಫರ್ಮ್‌ವೇರ್) ಅಪ್‌ಡೇಟ್ ತಪ್ಪಿಸಬೇಡಿ. ಸಾಧನಗಳು ತಾವೇ ಹೊರಗಿನಿಂದ ದಾರಿ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು ರೂಟರಿನಲ್ಲಿ ಆಫ್ ಮಾಡಿ, ಕ್ಯಾಮೆರಾವನ್ನು ಗೆಸ್ಟ್ ವೈಫೈಗೆ ಹಾಕಿ. ಮನೆಯವರೆಲ್ಲ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ಬದಲು ಆ್ಯಪಿನ ‘ಶೇರ್’ ಬಳಸಿ. ಮನೆಗೆ ಬಂದಮೇಲೆ ಲೆನ್ಸ್ ಮುಚ್ಚುವ ಪ್ರೈವೆಸಿ ಗುಂಡಿ ಒತ್ತುವುದು ಚಪ್ಪಲಿ ಬಿಟ್ಟಷ್ಟೇ ರೂಢಿಯಾಗಲಿ.

ರೆಕಾರ್ಡಿಂಗಿಗೆ ಕ್ಲೌಡಾ, ಕಾರ್ಡಾ?

ಕಾರ್ಡು. 1.5 ಎಂಬಿಪಿಎಸ್‌ನಲ್ಲಿ ದಿನಕ್ಕೆ ಸುಮಾರು 16 ಜಿಬಿ, ಅಂದರೆ 128 ಜಿಬಿ ಕಾರ್ಡಿನಲ್ಲಿ ಒಂದು ವಾರ. ತುಂಬಿದ ಮೇಲೆ ಹಳೆಯದನ್ನು ತಾನೇ ಅಳಿಸಿಕೊಳ್ಳುತ್ತದೆ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದಿರುವ ಕಾರ್ಡನ್ನೇ ತನ್ನಿ, ಸಾದಾ ಕಾರ್ಡು ಹಗಲಿರುಳು ಬರೆಸಿಕೊಂಡು ಬೇಗ ಸಾಯುತ್ತದೆ. ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ.

ಹೊರಗಿಂದ ಕ್ಯಾಮೆರಾಕ್ಕೆ ದಾರಿ ಬಿಡೋಕೆ ರೂಟರಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಆರ್‌ಟಿಎಸ್‌ಪಿ (ಕ್ಯಾಮೆರಾ ನೇರವಾಗಿ ಕಳಿಸೋ ಚಿತ್ರ) ಬರ್ತಿಲ್ಲ.

ರೂಟರಿನ ವ್ಯಾನ್ (WAN) ವಿಳಾಸ, ಅಂದರೆ ಇಂಟರ್ನೆಟ್ ಕಡೆಯ ಐಪಿ ವಿಳಾಸ ನೋಡಿ. 100.64ರಿಂದ 100.127ರವರೆಗಿನ ಅಂಕಿಯಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ: ಒಂದೇ ಹೊರ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆ, ನಿಮ್ಮ ಪೋರ್ಟಿಗೆ ಹೊರಗಿನಿಂದ ದಾರಿಯೇ ಇಲ್ಲ. ಅದು ಒಳ್ಳೆಯದೇ ಆಯಿತು, ಆರ್‌ಟಿಎಸ್‌ಪಿ ಬಳಸುವ 554ನೇ ಪೋರ್ಟನ್ನು ಜಗತ್ತಿಗೆ ತೆರೆದಿಡಬಾರದು. ಮನೆಯಲ್ಲಿ ಸದಾ ಆನ್ ಇರುವ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಅಥವಾ ಹಳೇ ಕಂಪ್ಯೂಟರಿಗೂ ನಿಮ್ಮ ಫೋನಿಗೂ ಟೇಲ್‌ಸ್ಕೇಲ್ ಎಂಬ ಖಾಸಗಿ ಸಂಪರ್ಕದ (ವಿಪಿಎನ್) ತಂತ್ರಾಂಶ ಹಾಕಿ, ಆ ಕಂಪ್ಯೂಟರಿನಿಂದ ಮನೆ ಸಬ್‌ನೆಟ್ಟಿಗೆ (ಮನೆಯ ಒಳ ನೆಟ್‌ವರ್ಕಿಗೆ) ದಾರಿ ಕೊಡಿ. ರೂಟರಿನಲ್ಲಿ ಕ್ಯಾಮೆರಾಕ್ಕೆ ಬದಲಾಗದ ಐಪಿ ಕಾಯ್ದಿರಿಸಿ. ಆಮೇಲೆ ಫೋನಿನ ವಿಎಲ್‌ಸಿ ವಿಡಿಯೊ ಆ್ಯಪಿನಲ್ಲಿ ಎಲ್ಲಿಂದಲಾದರೂ ನೋಡಬಹುದು. ಕ್ಯಾಮೆರಾ ಗೆಸ್ಟ್ ವೈಫೈನಲ್ಲಿದ್ದರೆ ಈ ಯಂತ್ರಕ್ಕೂ ಅದು ಕಾಣುವುದಿಲ್ಲ ಎಂಬುದು ಗಮನದಲ್ಲಿರಲಿ.

ನಾವು ಅಮೆರಿಕದಲ್ಲಿ, ನಾಯಿ ಮೈಸೂರಲ್ಲಿ ಅಪ್ಪ ಅಮ್ಮನ ಹತ್ತಿರ. ಇಲ್ಲಿಂದ ಕ್ಯಾಮೆರಾ ಕಳಿಸಲಾ?

ಅಲ್ಲೇ ಕೊಳ್ಳಿ. ಕೆಲವು ಕಂಪನಿಗಳ ಕ್ಯಾಮೆರಾ ಮಾರಿದ ದೇಶದ ಖಾತೆಗೆ ಮಾತ್ರ ಒಗ್ಗುತ್ತದೆ. ಅಪ್ಪನ ಫೋನಿನಲ್ಲಿ ಭಾರತದ ಖಾತೆ ತೆರೆದು, ನಿಮಗೆ ಶೇರ್ ಮಾಡಿಸಿಕೊಳ್ಳಿ. ಕ್ಯಾಮೆರಾ ಆಫ್ ಮಾಡುವ ಅಧಿಕಾರ ಅವರ ಕೈಯಲ್ಲೇ ಇರಲಿ, ಅದು ಅವರ ಮನೆ. ನೀವು ಬೆಳಗ್ಗೆ ಕಾಫಿ ಹೊತ್ತಿಗೆ ನೋಡಿದರೆ ಅಲ್ಲಿ ಸಂಜೆಯೋ ರಾತ್ರಿಯೋ ಆಗಿರುತ್ತದೆ, ಅದಕ್ಕೇ ಕ್ಯಾಮೆರಾವನ್ನು ನಡುಮನೆಯಲ್ಲಿ ನಾಯಿಯ ಹಾಸಿಗೆಯತ್ತ ಮಾತ್ರ ತಿರುಗಿಸಿಡಲು ಹೇಳಿ.

ಹೃದಯದ ಕಾಯಿಲೆ ಇರೋ ನಾಯಿ. ಮಲಗಿದ್ದಾಗ ಉಸಿರು ಎಣಿಸಿ ಅಂದಿದ್ದಾರೆ ಡಾಕ್ಟ್ರು. ಕ್ಯಾಮೆರಾದಲ್ಲಿ ಆಗುತ್ತಾ?

ಚೆನ್ನಾಗಿಯೇ ಆಗುತ್ತದೆ. ಹತ್ತಿರ ಹೋದರೆ ಎದ್ದುಬಿಡುತ್ತದೆ, ಕ್ಯಾಮೆರಾಕ್ಕೆ ಏಳುವುದಿಲ್ಲ. ಹಾಸಿಗೆಯಿಂದ ನಾಲ್ಕೈದು ಅಡಿ ದೂರದಲ್ಲಿ, ಎರಡು ಅಡಿ ಎತ್ತರದಲ್ಲಿ, ಪಕ್ಕೆ ಕಾಣುವಂತೆ ಇಡಿ. ನೇರ ಚಿತ್ರದಲ್ಲಿ ಎಣಿಸಬೇಡಿ, ನಡುನಡುವೆ ಜಿಗಿಯುತ್ತದೆ. ಕಾರ್ಡಿನ ರೆಕಾರ್ಡಿಂಗಿನಲ್ಲಿ ಎಣಿಸಿ. ಎದೆ ಏರಿ ಇಳಿದರೆ ಒಂದು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಕಾಲು ಅದುರಿಸುತ್ತ, ಮೂತಿ ಆಡಿಸುತ್ತ ಕನಸು ಕಾಣುತ್ತಿದ್ದರೆ ಆ ಹೊತ್ತು ಲೆಕ್ಕಕ್ಕಿಲ್ಲ, ಸೆಕೆಗೆ ಏದುಸಿರು ಬಿಡುತ್ತಿದ್ದರೂ ಇಲ್ಲ.

ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30ರೊಳಗೆ ಇರಬೇಕು. ದಿನಕ್ಕೊಮ್ಮೆ ಎಣಿಸಿ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡಿ. ದಿನವೂ 18, 20 ಇದ್ದದ್ದು ಎರಡು ದಿನ ಸತತವಾಗಿ 28, 30 ಆದರೆ ಮಿತಿ ದಾಟುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ದಾಟಿದ್ದರೆ ಅವತ್ತೇ ಕರೆದೊಯ್ಯಿರಿ, ಆ ಮೂವತ್ತು ಸೆಕೆಂಡಿನ ವಿಡಿಯೊ ಫೋನಿನಲ್ಲಿ ಉಳಿಸಿಕೊಂಡು.